ಈ ಪುಸ್ತಕಗಳನ್ನು ಒಬ್ಬರೇ ಓದಬೇಡಿ

ಹರಿಹರ ಅಂದರೆ ಹೆಚ್ಚಿನವರಿಗೆ ಹರಿಹರೇಶ್ವರ ದೇವಸ್ಥಾನ, ತುಂಗಭದ್ರೆ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ಇಬ್ಬರು ಮನುಷ್ಯರು. ಬಿ. ಬಸವಲಿಂಗಪ್ಪ ಮತ್ತು ಪ್ರೊ. ಬಿ. ಕೃಷ್ಣಪ್ಪ. ಇಬ್ಬರೂ ಅಲ್ಲೇ ಹುಟ್ಟಿದವರು. 1973ರ ನವೆಂಬರ್‌ನಲ್ಲಿ ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ, ಅಂದರೆ ದನಕ್ಕೆ ಹಾಕುವ ಹೊಟ್ಟು, ಅಂದರು. ಆಗ ಅವರು ದೇವರಾಜ ಅರಸು ಸಂಪುಟದಲ್ಲಿ ಮಂತ್ರಿ. ದೊಡ್ಡ ಗಲಾಟೆಯೇ ಆಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ಮಂತ್ರಿ ಸ್ಥಾನ ಬಿಡಬೇಕಾಯಿತು. ಆ ಬಿಸಿಯಲ್ಲೇ ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

ಈ ಬೂಸಾ ಕತೆ ಸಾಹಿತ್ಯ ಓದುವವರಿಗೆಲ್ಲ ಗೊತ್ತು. ಆದರೆ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟ ಮಂತ್ರಿಯೂ ಇವರೇ ಅನ್ನುವುದನ್ನು ಮಾತ್ರ ಆ ಕತೆಯ ಜೊತೆ ಯಾರೂ ಸೇರಿಸಿ ಹೇಳುವುದಿಲ್ಲ. ಒಂದನ್ನು ಸಾಹಿತ್ಯದ ಚರಿತ್ರೆಗೆ ಹಾಕುತ್ತೇವೆ, ಇನ್ನೊಂದನ್ನು ಪೌರಾಡಳಿತದ ಕಡತಕ್ಕೆ. ನನಗೆ ಎರಡೂ ಒಂದೇ ಪ್ರಶ್ನೆ ಅನಿಸುತ್ತದೆ. ಊರಿನ ಹೊಲಸು ಹೊರುವ ಮೈಗೆ ನೀವು ಬರೆದಿದ್ದರಿಂದ ಏನು ಸಿಕ್ಕಿತು ಅಂತ ಕೇಳುವ ಪ್ರಶ್ನೆ ಅದು. ಸಾಮಾಜಿಕ ನ್ಯಾಯದ ಪುಸ್ತಕ ಅಂತ ಯಾವುದನ್ನಾದರೂ ಕೈಗೆತ್ತಿಕೊಂಡಾಗ ನಾನು ಈ ಪ್ರಶ್ನೆ ಇಟ್ಟುಕೊಂಡೇ ಓದುತ್ತೇನೆ. ಇಂಥ ಪುಸ್ತಕವನ್ನು ಒಬ್ಬರೇ ಕೂತು ಓದಿ ಮುಚ್ಚಿಟ್ಟರೆ ಅದರ ಕೆಲಸ ಅರ್ಧವೂ ಆಗುವುದಿಲ್ಲ ಅನ್ನುವುದು ಈಗ ನನಗೆ ಗಟ್ಟಿಯಾಗಿದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ನಾವು ಕೆಲವರು ಭಾನುವಾರ ಮಧ್ಯಾಹ್ನ ಸೇರಿ ಗಟ್ಟಿಯಾಗಿ ಓದುತ್ತೇವೆ. ಪಂಚಾಯಿತಿ ಗ್ರಂಥಾಲಯದ ಜಗಲಿಯೇ ಜಾಗ. ಬರುವವರಲ್ಲಿ ಹೆಂಗಸರೇ ಜಾಸ್ತಿ, ಅದರಲ್ಲೂ ಕೂಲಿಗೆ ಹೋಗುವವರು. ಸುಮ್ನೆ ಕೂರುವುದು ಅವರಿಗೆ ಆಗದ ಮಾತು, ಬಿತ್ತನೆ ಹತ್ತಿರ ಬಂದಾಗ ಚೀಲದಲ್ಲಿ ಶೇಂಗಾ ತಂದು ಸುಲಿಯುತ್ತಾ ಕೇಳುತ್ತಾರೆ. ಬೀಜದ ಕಾಯಿ ಕೈಯಲ್ಲೇ ಸುಲಿಯಬೇಕಲ್ವಾ, ಕಾಳಿನ ಮೇಲಿನ ಕೆಂಪು ಸಿಪ್ಪೆಗೆ ಪೆಟ್ಟಾಗಬಾರದು. ಹೆಬ್ಬೆರಳಿನ ಉಗುರು ಸೀಳಿರುತ್ತದೆ, ಅದಕ್ಕೊಂದು ಬಟ್ಟೆ ಚೂರು ಸುತ್ತಿಕೊಂಡಿರುತ್ತಾರೆ.

ಅಲ್ಲಿ ದೇವನೂರ ಮಹಾದೇವ ಅವರ 'ಒಡಲಾಳ' ಓದಿದೆವು. ನಂಜನಗೂಡು ಸೀಮೆಯ ಮಾತು, ನಮ್ಮ ಕಡೆಯವರಿಗೆ ಅರ್ಥವಾಗುತ್ತದೋ ಇಲ್ಲವೋ ಅಂತ ಒಬ್ಬರು ಅನುಮಾನ ಪಟ್ಟಿದ್ದರು. ಕಣ್ಣಲ್ಲಿ ಓದುವಾಗ ತೊಡಕುವ ಆ ಮಾತು ಕಿವಿಗೆ ಬಿದ್ದರೆ ಸಲೀಸು. ಹೊಲೇರ ಮನೆಯ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾ ಬರುವಾಗಲೇ ಜನ ನಗಲು ಶುರುಮಾಡಿದರು. ಆಮೇಲೆ ಆ ರಾತ್ರಿ ಬಂತು. ಕದ್ದು ತಂದ ಶೇಂಗಾವನ್ನು ಮನೆಮಂದಿಯೆಲ್ಲ ಕೂತು ತಿಂದು, ಬೆಳಗಾಗುವುದರೊಳಗೆ ಸಿಪ್ಪೆ ಸಮೇತ ಸುಟ್ಟು ಗುರುತೇ ಇಲ್ಲದಂತೆ ಮಾಡುವ ರಾತ್ರಿ. ಸುಲಿಯುವ ಸದ್ದು ನಿಂತುಹೋಯಿತು. ಒಬ್ಬ ಅಜ್ಜಿ ಕೇಳಿದರು, "ಸಿಪ್ಪೆ ಸುಟ್ರೆ ವಾಸ್ನೆ ಬರ್ತೈತಲ್ಲಮ್ಮ, ಆ ಗೌಡಂಗೆ ಗೊತ್ತಾಗ್ದೆ ಇರ್ತೈತಾ?"

ವಿಮರ್ಶೆಗಳಲ್ಲಿ ಈ ದೃಶ್ಯದ ಬಗ್ಗೆ ಎಷ್ಟೋ ಬರೆದಿದ್ದಾರೆ. ಈ ಪ್ರಶ್ನೆಯನ್ನು ನಾನು ಎಲ್ಲೂ ನೋಡಿರಲಿಲ್ಲ. ಅಜ್ಜಿ ಕೇಳಿದ ಮೇಲೆ ಪುಸ್ತಕ ಪಕ್ಕಕ್ಕೆ ಹೋಯಿತು, ಅವರವರ ಮಾತು ಹೊರಟಿತು. ಸೆರಗಿನಲ್ಲಿ ಒಂದು ಹಿಡಿ ಕಟ್ಟಿಕೊಂಡು ಬಂದಾಗ ಹೊಲದ ಬದುವಿನಲ್ಲೇ ಸೆರಗು ಬಿಚ್ಚಿಸಿದ್ದು, ಮನೆಗೆ ಒಯ್ದು ಸುಲಿದಾಗ ಕಾಳು ತೂಗಿ ಕೂಲಿ ಹಿಡಿದಿದ್ದು. ಇನ್ನೊಬ್ಬ ಅಕ್ಕ ಹೇಳಿದರು, ಆಸ್ಪತ್ರೆಗೆ ಹೋದರೆ ರಕ್ತ ಕಮ್ಮಿ ಅಂತಾರೆ, ಶೇಂಗಾ ಬೆಲ್ಲ ತಿನ್ನು ಅಂತಾರೆ, ದಿನಾ ಶೇಂಗಾ ಮುಟ್ಟೋದು ಸರಿ, ತಿನ್ನೋದ್ಯಾವಾಗ ಅಂತ. ಅವತ್ತು ಆಶಾ ಕಾರ್ಯಕರ್ತೆಯೂ ಬಂದು ಕೂತಿದ್ದರು. ಕಬ್ಬಿಣಾಂಶದ ಮಾತ್ರೆಯನ್ನು ಟೀ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹಣ್ಣಿನ ಶರಬತ್ತಿನ ಜೊತೆ ತಗೊಳ್ಳಿ ಅಂತ ಹೇಳಿದರು. ಅವರು ಅದನ್ನು ಹಿಂದೆಯೂ ಹೇಳಿರುತ್ತಾರೆ. ಈ ಸಲ ಕೇಳುವವರು ತಾವಾಗೇ ಕೇಳಿ ತಿಳಿದುಕೊಂಡರು, ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತದೆ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳಿಕೊಂಡರು.

ಸಿದ್ಧಲಿಂಗಯ್ಯನವರ ಆತ್ಮಕತೆ 'ಊರು ಕೇರಿ'ಯನ್ನೂ ಹೀಗೇ ಓದಬೇಕು. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿರುತ್ತಾರೆ, ಅದನ್ನು ನೋಡುವ ಹುಡುಗನಿಗೆ ಅವರಲ್ಲಿ ಒಬ್ಬ ತನ್ನಪ್ಪ. ಇಂಥದ್ದನ್ನು ಅವರು ಕೂಗಾಡದೆ ಬರೆದರು, ಪುಟಪುಟಕ್ಕೂ ನಗಿಸುತ್ತಾ ಬರೆದರು. 'ಹೊಲೆಮಾದಿಗರ ಹಾಡು' ಬರೆದ ಕವಿಯೂ ಇವರೇ. 2021ರ ಜೂನ್‌ನಲ್ಲಿ ಕೊರೊನಾ ಅವರನ್ನು ಕರೆದೊಯ್ದಿತು. ಇನ್ನೂ ಬರೆಯಬೇಕಿತ್ತು ಅವರು.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದರು, ಸಂತೋಷವೇ. ಆದರೆ ಹಾಸನದ ಈ ವಕೀಲೆ ಬಂಡಾಯದ ದಿನಗಳಿಂದಲೂ ಬರೆಯುತ್ತಾ ಬಂದವರು. ಅವರ 'ಕರಿನಾಗರಗಳು' ಓದಿ. ಗಂಡ ಬಿಟ್ಟುಹೋದವಳೊಬ್ಬಳು ಕಾಯಿಲೆ ಬಿದ್ದ ಮಗುವನ್ನು ಎತ್ತಿಕೊಂಡು ನ್ಯಾಯ ಕೇಳಲು ಮಸೀದಿಗೆ ಬರುತ್ತಾಳೆ. ಪಂಚಾಯ್ತಿ ಮಾಡಬೇಕಾದ ಮುತವಲ್ಲಿ, ಅಂದರೆ ಮಸೀದಿಯ ಆಡಳಿತ ನೋಡುವವನು, ದಿನ ದೂಡುತ್ತಾನೆ, ಮಗು ಉಳಿಯುವುದಿಲ್ಲ. ಕೊನೆಗೆ ಆ ಮುತವಲ್ಲಿಯ ಹೆಂಡತಿಯೇ ಇನ್ನು ಹೆರಲಾರೆ ಅಂತ ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ. ಔಷಧಿ ಎಲ್ಲಿ ಮುಗಿಯುತ್ತದೆ, ನ್ಯಾಯ ಎಲ್ಲಿ ಶುರುವಾಗುತ್ತದೆ ಅಂತ ಈ ಕತೆಯಲ್ಲಿ ಗೆರೆ ಎಳೆಯಲು ಆಗುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಮುತ್ತಲಿನ ಗಲ್ಲಿಗಳಲ್ಲಿ ಇದನ್ನು ಹೆಂಗಸರ ನಡುವೆ ಓದಬೇಕು ಅಂತ ನನಗೆ ಆಸೆಯಿದೆ. ಅಲ್ಲಿಯ ಬಿಸಿ, ಹೊಗೆ, ಕೆಮ್ಮು, ಹೆರಿಗೆ ಮೇಲೆ ಹೆರಿಗೆ, ಎಲ್ಲವೂ ಅವರಿಗೆ ಗೊತ್ತಿರುವ ಸಂಗತಿ.

ಇನ್ನೊಬ್ಬರನ್ನು ನಾವು ತುಂಬಾ ಬೇಗ ಮರೆತೆವು, ಡಾ. ಅನುಪಮಾ ನಿರಂಜನ. ವೈದ್ಯೆಯಾಗಿದ್ದುಕೊಂಡು ಕಾದಂಬರಿಗಳನ್ನೂ ಬರೆದರು, 'ತಾಯಿ ಮಗು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳನ್ನೂ ಬರೆದರು. ಬಸಿರು, ಬಾಣಂತನ, ಮುಟ್ಟು, ಗಂಡಹೆಂಡಿರ ಸಂಬಂಧ, ಇದನ್ನೆಲ್ಲ ಹೆಣ್ಣುಮಕ್ಕಳು ಪಿಸುಮಾತಿನಲ್ಲೂ ಕೇಳಲು ನಾಚುತ್ತಿದ್ದ ಕಾಲದಲ್ಲಿ ಅಚ್ಚ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅವುಗಳನ್ನು 'ಅಡುಗೆ, ಆರೋಗ್ಯ' ಅಂತ ಬೇರೆ ಕಪಾಟಿಗೆ ತಳ್ಳುವುದನ್ನು ನೋಡಿದರೆ ಬೇಜಾರಾಗುತ್ತದೆ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇಡುವ ಪದ್ಧತಿ ಇನ್ನೂ ಉಳಿದಿರುವ ಜಿಲ್ಲೆ ನಮ್ಮದು. ಇಲ್ಲಿ ಮುಟ್ಟಿನ ಬಗ್ಗೆ ನೇರವಾಗಿ ಬರೆದ ಪುಸ್ತಕಕ್ಕಿಂತ ದೊಡ್ಡ ಬಂಡಾಯ ಯಾವುದಿದೆ ಹೇಳಿ? ಅವರು ಬರೆದ ವೈದ್ಯಕೀಯ ವಿಷಯಗಳಲ್ಲಿ ಕೆಲವು ಈಗ ಹಳೆಯದಾಗಿರುತ್ತವೆ, ಅದು ಸಹಜ. ಅವರ ಜಾಗದಲ್ಲಿ ಕೂತು ಇವತ್ತಿನ ಡಾಕ್ಟರೊಬ್ಬರು ಬರೆಯಬೇಕು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಯಾಕೆ ಕಂದಾಗುತ್ತದೆ, ವಯಸ್ಸಾಗುವ ಮೊದಲೇ ಮಂಡಿ ಯಾಕೆ ಹಿಡಿದುಕೊಳ್ಳುತ್ತದೆ, ಶುದ್ಧ ನೀರಿನ ಘಟಕ ಕೆಟ್ಟುನಿಂತರೆ ಯಾರನ್ನು ಹೋಗಿ ಕೇಳಬೇಕು ಅನ್ನುವುದನ್ನೆಲ್ಲ ಜಗಲಿಯಲ್ಲಿ ಗಟ್ಟಿಯಾಗಿ ಓದಲು ಬರುವಂತೆ ಬರೆದುಕೊಟ್ಟರೆ ನಾಳೆಯೇ ಓದುತ್ತೇವೆ.

ಪುಸ್ತಕಕ್ಕೆ ದುಡ್ಡಿಲ್ಲ ಅಂತ ಯಾರೂ ಹಿಂಜರಿಯಬೇಕಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಕಂದಾಯದ ಜೊತೆ ಗ್ರಂಥಾಲಯ ಕರವೂ ಹೋಗುತ್ತದೆ, ಶೇ 6ರಷ್ಟು. ಹಳ್ಳಿಗಳ ಗ್ರಂಥಾಲಯಗಳು ಈಗ ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿವೆ, ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇರುತ್ತದೆ. ಹೋಗಿ ಮೇಲೆ ಹೇಳಿದ ಪುಸ್ತಕಗಳನ್ನು ಕೇಳಿ. ಇಲ್ಲ ಅಂದರೆ ಹೆಸರು ಬರೆದು ಒಂದು ಅರ್ಜಿ ಕೊಡಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಮತ್ತೆ ಕೇಳಿ. ಚಳ್ಳಕೆರೆ, ಹಿರಿಯೂರು ಕಡೆ ನಿಮ್ಮೂರಲ್ಲೂ ಹೀಗೆ ಕೂತು ಓದುವ ಮನಸ್ಸಿದ್ದರೆ ತಿಳಿಸಿ, 'ಊರು ಕೇರಿ'ಯ ಒಂದು ಪ್ರತಿ ನಮ್ಮಲ್ಲಿ ಹೆಚ್ಚಿಗೆ ಇದೆ, ಕಳಿಸಿಕೊಡುತ್ತೇವೆ.