ಕಟ್ಟಿಗೆ ರಾಶಿಯ ನಕ್ಷೆ ಯಾರ ಹತ್ತಿರ ಇತ್ತು?

ಅಕ್ಕನ ಮಗ ಎಂಎಸ್ ಮಾಡಲು ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿಗೆ ಹೋದ ಮೇಲೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಭಾನುವಾರ ಬೆಳಗ್ಗೆ ಬರೀ ಫುಟ್‌ಬಾಲ್ ವಿಡಿಯೊಗಳು. ಚೆಂಡು ಕೈಯಲ್ಲಿ ಹಿಡಿದು ಓಡುವ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಫುಟ್‌ಬಾಲ್. ಆಟ ನನಗೆ ಅರ್ಧಂಬರ್ಧ ಅರ್ಥವಾಗುತ್ತದೆ, ಅಷ್ಟೇ. ನನ್ನ ಕಣ್ಣು ಹೋಗಿದ್ದು ಗ್ಯಾಲರಿ ಕಡೆಗೆ. ಅಲ್ಲಿ ವಿದ್ಯಾರ್ಥಿಗಳು ಯಾರೂ ಕೂರುವುದೇ ಇಲ್ಲ. ಆಟ ಮುಗಿಯುವ ತನಕ ನಿಂತೇ ಇರುತ್ತಾರೆ.

‘ಯಾಕೋ ಹಂಗೆ ನಿಲ್ತೀರಿ?’ ಅಂದರೆ, ‘ಅದು ಟ್ರೆಡಿಷನ್ ಮಾವ’ ಅಂದ. ಯಾರು ಶುರು ಮಾಡಿದ್ದು, ಯಾವಾಗ ಅಂತ ಕೇಳಿದರೆ ಒಂದು ಲಿಂಕ್ ಕಳಿಸಿ ಸುಮ್ಮನಾದ. ನಾನು ದಾವಣಗೆರೆಯಲ್ಲಿ ಮನೆ ಕಟ್ಟಿಸಿಕೊಡುವ ಸಿವಿಲ್ ಎಂಜಿನಿಯರ್. ಸಂಜೆ ಸೈಟಿನಿಂದ ಬಂದು ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಓದೋಕೆ ಕೂತವನು ಆ ಕಾಲೇಜಿನ ತಂಡದ ಇತಿಹಾಸದಲ್ಲಿ ಮುಳುಗಿಹೋದೆ.

ಮೊದಲು ಮೈದಾನದ ವಿಷಯ. ಕೈಲ್ ಫೀಲ್ಡ್ ಅಂತ ಹೆಸರು, 1,02,733 ಸೀಟು. 2011ರ ಜನಗಣತಿಯಲ್ಲಿ ನಮ್ಮ ದಾವಣಗೆರೆ ನಗರದ ಜನ ಸುಮಾರು 4.35 ಲಕ್ಷ. ಅಂದರೆ ಊರಿನ ಹತ್ತಿರ ಹತ್ತಿರ ಕಾಲುಭಾಗ ಒಂದೇ ಮೈದಾನದಲ್ಲಿ! ಈ ಎಡ್ವಿನ್ ಜಾಕ್ಸನ್ ಕೈಲ್ ಯಾರಪ್ಪಾ ಅಂದರೆ, ತೋಟಗಾರಿಕೆ ಮೇಷ್ಟ್ರು. 1876ರಲ್ಲಿ ಬಾಗಿಲು ತೆರೆದ ಈ ಕಾಲೇಜು ಕೃಷಿ ಮತ್ತು ಯಂತ್ರವಿದ್ಯೆ ಕಲಿಸೋಕೆ ಅಂತಲೇ ಹುಟ್ಟಿದ್ದು. ಕಳೆದ ಶತಮಾನದ ಶುರುವಿನಲ್ಲಿ ಕೈಲ್ ತಮ್ಮ ವಿಭಾಗದ ಪಾಲಿಗೆ ಬಂದಿದ್ದ ಜಾಗಕ್ಕೆ ಬೇಲಿ ಹಾಕಿಸಿ ಹುಡುಗರ ಆಟಕ್ಕೆ ಬಿಟ್ಟರು. ಪಕ್ಕದ ಬ್ರಯನ್ ಊರಿನಿಂದ ಒಂದು ಹಳೇ ಮರದ ಗ್ಯಾಲರಿಯನ್ನೂ ಕೈಯಿಂದ ದುಡ್ಡು ಹಾಕಿ ತರಿಸಿದರು. ನಮ್ಮ ಕಡೆ ಆಗಿದ್ದರೆ ಅಲ್ಲಿ ಅಡಿಕೆ ಸಸಿ ಎದ್ದಿರುತ್ತಿತ್ತು.

ಇಂಥದ್ದನ್ನು ಹುಡುಕುವಾಗ ನಾನೊಂದು ರೂಢಿ ಮಾಡಿಕೊಂಡೆ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ. ಎಡಕ್ಕೆ ಘಟನೆ ನಡೆದ ವರ್ಷ, ಬಲಕ್ಕೆ ಆ ಘಟನೆಯನ್ನು ಜನ ಕಥೆಯಾಗಿ ಹೇಳೋಕೆ ಶುರು ಮಾಡಿದ ವರ್ಷ. ಎರಡೂ ಒಂದೇ ಆಗಿರುವುದು ಬಹಳ ಕಡಿಮೆ. ಅವರ ವಿದ್ಯಾರ್ಥಿ ಪತ್ರಿಕೆ ‘ಬೆಟಾಲಿಯನ್’ನ ಹಳೇ ಸಂಚಿಕೆಗಳು ಸ್ಕ್ಯಾನ್ ಆಗಿ ಸಿಗುತ್ತವೆ, ದಾವಣಗೆರೆಯಲ್ಲಿ ಕೂತು ನೂರು ವರ್ಷದ ಹಿಂದಿನ ಸುದ್ದಿ ಓದಬಹುದು. ಕಾಲೇಜಿನ ವಾರ್ಷಿಕ ಸಂಚಿಕೆಯೂ ಹಾಗೇ. ಇದರದ್ದೊಂದು ತಮಾಷೆ ಇದೆ. ಈ ತಂಡದ ಹಳೇ ವೈರಿ ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿ, ಆ ತಂಡಕ್ಕೆ ಲಾಂಗ್‌ಹಾರ್ನ್ಸ್ ಅಂತ ಹೆಸರು. ಇವರ ವಾರ್ಷಿಕ ಸಂಚಿಕೆಯ ಹೆಸರೂ 1940ರ ದಶಕದ ಕೊನೆಯವರೆಗೆ ಲಾಂಗ್‌ಹಾರ್ನ್ ಅಂತಲೇ ಇತ್ತು! ಹುಡುಗರು ಅದನ್ನು ಹೇಗೆ ಸಹಿಸಿಕೊಂಡರೋ.

ಈಗ ನಿಲ್ಲುವ ಕಥೆಗೆ ಬರೋಣ. 1922ರ ಜನವರಿ 2, ಡಲ್ಲಾಸ್. ಎದುರಾಳಿ ಸೆಂಟರ್ ಕಾಲೇಜು, ಆ ಕಾಲದ ಬಲವಾದ ತಂಡ. ಒಬ್ಬೊಬ್ಬರಾಗಿ ಏಟು ತಿಂದು ಕೋಚ್ ಡೇನಾ ಬೈಬಲ್ ಹತ್ತಿರ ಬದಲಿ ಆಟಗಾರರು ಖಾಲಿಯಾಗುತ್ತಾ ಬಂದರು. ಫುಟ್‌ಬಾಲ್ ಬಿಟ್ಟು ಬ್ಯಾಸ್ಕೆಟ್‌ಬಾಲ್ ಕಡೆ ಹೋಗಿದ್ದ ಇ. ಕಿಂಗ್ ಗಿಲ್ ಎಂಬ ಹುಡುಗ ಮೇಲೆ ಪತ್ರಕರ್ತರ ಜಾಗದಲ್ಲಿ ಕೂತು, ಯಾರು ಯಾವ ಆಟಗಾರ ಅಂತ ಗುರುತು ಹೇಳಿಕೊಡುತ್ತಿದ್ದ. ಅವನನ್ನು ಕೆಳಗೆ ಕರೆದರು. ಗಾಯಗೊಂಡವನ ಬಟ್ಟೆ ಹಾಕಿಕೊಂಡು ಬಂದು ಗೆರೆಯಾಚೆ ನಿಂತ. ಎ ಅಂಡ್ ಎಂ 22–14ರಿಂದ ಗೆದ್ದಿತು. ಗಿಲ್ ಆಟಕ್ಕೆ ಇಳಿಯಲೇ ಇಲ್ಲ, ನಿಂತಿದ್ದ ಅಷ್ಟೇ. ಕರೆದರೆ ನಾವೂ ರೆಡಿ ಅಂತ ತೋರಿಸೋಕೆ ಇವತ್ತಿಗೂ ಇಡೀ ವಿದ್ಯಾರ್ಥಿ ಗ್ಯಾಲರಿ ನಿಲ್ಲುತ್ತದೆ. ತಾವೇ ತಂಡದ ಹನ್ನೆರಡನೆಯ ಆಟಗಾರ ಅನ್ನುತ್ತಾರೆ.

ನನ್ನ ಹಾಳೆಯ ಎಡಗಡೆ 1922. ಬಲಗಡೆ? 1939. ಆ ವರ್ಷ ಹಳೇ ವಿದ್ಯಾರ್ಥಿಗಳ ಸಂಘದ ಮೆಕ್‌ಕ್ವಿಲ್ಲನ್ ಎಂಬುವರು ಇದನ್ನು ರೇಡಿಯೊ ನಾಟಕ ಮಾಡಿದರು, ಕಥೆ ಎಲ್ಲರ ಬಾಯಿಗೆ ಬಂತು. ತಂಡ ರಾಷ್ಟ್ರೀಯ ಚಾಂಪಿಯನ್ ಆದದ್ದೂ ಅದೇ ವರ್ಷ. ಗೆದ್ದಾಗ ಹಳೇ ಕಥೆ ಕೇಳೋಕೆ ಕಿವಿ ಜಾಸ್ತಿ, ಅಲ್ವಾ? ಇನ್ನು ಪ್ರೇಕ್ಷಕರನ್ನು ಹನ್ನೆರಡನೆಯವರು ಅನ್ನುವ ಮಾತು 1900ರಲ್ಲೇ ಮಿನೆಸೋಟ ಯೂನಿವರ್ಸಿಟಿಯ ಒಂದು ಪತ್ರಿಕೆಯಲ್ಲಿ ಅಚ್ಚಾಗಿದೆ. ಇದನ್ನು ಹೇಳಿದ್ದಕ್ಕೆ ಅಕ್ಕನ ಮಗನಿಗೆ ಸಿಟ್ಟು ಬಂತು. ಸಿಟ್ಟೇಕೆ? ಆ ಹುಡುಗ ಗೆರೆಯಾಚೆ ನಿಂತಿದ್ದು ನಿಜ. ಮಿಕ್ಕಿದ್ದನ್ನು ಬಾಯಿಂದ ಬಾಯಿಗೆ ದಾಟಿಸಿ ಬೆಳೆಸಿದರು, ಅದರಿಂದ ಯಾರಿಗೇನು ನಷ್ಟ?

ನಾಯಿಯ ವಿಷಯ ಬಿಟ್ಟರೆ ಅವನು ನನ್ನನ್ನು ಬಿಡಲ್ಲ. 1931ರಲ್ಲಿ ಹುಡುಗರ ಕಾರಿಗೆ ಸಿಕ್ಕ ಒಂದು ಬೀದಿನಾಯಿ ಹಾಸ್ಟೆಲ್ ಸೇರಿ, ಬೆಳಗಿನ ಕಹಳೆ ಊದಿದಾಗ ಬೊಗಳಿ, ಆ ಕಹಳೆಯ ಹೆಸರನ್ನೇ ಪಡೆಯಿತು: ರೆವಿಲೀ. ಆಮೇಲೆ ಬಂದ ನಾಯಿಗಳಿಗೂ ಅದೇ ಹೆಸರು. ಸತ್ತ ರೆವಿಲೀಗಳ ಸಮಾಧಿ ಮೈದಾನದ ಉತ್ತರಕ್ಕಿದೆ, ಸ್ಕೋರ್‌ಬೋರ್ಡ್ ಕಾಣುವ ಹಾಗೆ. ಸ್ಟೇಡಿಯಂ ದೊಡ್ಡದು ಮಾಡಿದಾಗ ಬೋರ್ಡ್ ಮರೆಯಾಯಿತು ಅಂತ, ಸಮಾಧಿಗಳಿಗೋಸ್ಕರ ಹೊರಗೆ ಬೇರೆ ಬೋರ್ಡೇ ಹಾಕಿಸಿದ್ದಾರೆ. ಬಿಲ್ ಪಾಸ್ ಮಾಡಿದ ಎಂಜಿನಿಯರ್‌ಗೆ ನನ್ನ ನಮಸ್ಕಾರ.

ನಾನು ಬಹಳ ಹೊತ್ತು ಕೂತದ್ದು ಕಟ್ಟಿಗೆ ರಾಶಿಯ ಮುಂದೆ. ಆಸ್ಟಿನ್ ತಂಡದ ಜೊತೆಗಿನ ಪಂದ್ಯಕ್ಕೆ ಮುಂಚೆ ದೊಡ್ಡ ಬೆಂಕಿ ಹಾಕುವ ಪದ್ಧತಿ. ಶುರುವಾಗಿದ್ದು 1907 ಅಂತ ಕೆಲವರು, 1909 ಅಂತ ಕೆಲವರು. ಮೊದಮೊದಲು ಕಸಕಡ್ಡಿ, ಹಳೇ ಪೆಟ್ಟಿಗೆ. 1935ರಲ್ಲಿ ಒಬ್ಬ ರೈತ ಬಂದು ನನ್ನ ಕೊಟ್ಟಿಗೆಯನ್ನೇ ಇಡಿಯಾಗಿ ಕಿತ್ತು ಒಯ್ದಿದ್ದಾರೆ ಅಂತ ದೂರು ಕೊಟ್ಟ. ಹೋಳಿ ಹಿಂದಿನ ರಾತ್ರಿ ಕಾಮಣ್ಣನಿಗೆ ಅಂತ ಓಣಿಯ ಹುಡುಗರು ಸೌದೆ, ಬೆರಣಿ, ಸಿಕ್ಕರೆ ಹಿತ್ತಿಲ ಬಾಗಿಲನ್ನೂ ಎತ್ತಿಕೊಂಡು ಹೋಗುವ ದಾವಣಗೆರೆಯವನಿಗೆ ಇದು ಹೊಸದೇನಲ್ಲ. ಆಮೇಲೆ ಕಾಲೇಜೇ ಮುಂದೆ ನಿಂತು ಮರ ಕಡಿಯಲು ಅನುಮತಿ ಕೊಟ್ಟಿತು, ರಾಶಿ ಬೆಳೆಯಿತು. 1969ರಲ್ಲಿ 109 ಅಡಿ. 1963ರಲ್ಲಿ ಮಾತ್ರ ಬೆಂಕಿ ಹಚ್ಚಲಿಲ್ಲ. ಕೆನಡಿ ಕೊಲೆಯಾದ ಸುದ್ದಿ ಬಂದು, ಕಟ್ಟಿದ್ದ ರಾಶಿಯನ್ನು ಬಿಚ್ಚಿದರು.

1999ರ ನವೆಂಬರ್ 18ರ ನಸುಕಿನಲ್ಲಿ, ಸುಮಾರು 2.42ಕ್ಕೆ, ಕಟ್ಟುತ್ತಿದ್ದ ರಾಶಿ ಕುಸಿಯಿತು. 59 ಅಡಿ ಎತ್ತರ, ಸುಮಾರು ಐದು ಸಾವಿರ ದಿಮ್ಮಿ, ಮೇಲೆ ಹುಡುಗ ಹುಡುಗಿಯರು ಕೆಲಸ ಮಾಡುತ್ತಿದ್ದರು. 12 ಜನ ಸತ್ತರು, 27 ಜನಕ್ಕೆ ಗಾಯ. ವಾರದ ಬಳಿಕ ಪಂದ್ಯ ನಡೆಯಿತು, ಎ ಅಂಡ್ ಎಂ 20–16ರಿಂದ ಗೆದ್ದಿತು. ಅವತ್ತು ವೈರಿ ತಂಡದ ಬ್ಯಾಂಡಿನವರು ಮೈದಾನದ ಮಧ್ಯೆ ಶೋಕಗೀತೆ ನುಡಿಸಿ ಟೋಪಿ ತೆಗೆದರು.

ಹ್ಯೂಸ್ಟನ್‌ನ ಕಟ್ಟಡ ಕಂಪನಿ ನಡೆಸುತ್ತಿದ್ದ ಲಿಯೊ ಲಿನ್‌ಬೆಕ್ ನೇತೃತ್ವದ ತನಿಖಾ ಆಯೋಗ 2000ದ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ನನ್ನ ಕಸುಬಿನ ಭಾಷೆಯಲ್ಲಿ ಹೇಳುತ್ತೇನೆ. ರಾಶಿ ಕೇಕಿನ ಹಾಗೆ ಅಂತಸ್ತು ಅಂತಸ್ತಾಗಿತ್ತು. ಎರಡನೇ ಅಂತಸ್ತಿನ ದಿಮ್ಮಿಗಳನ್ನು ಮೊದಲನೆಯದರ ಸಂದಿಗೆ ಬೆಣೆಯ ಹಾಗೆ ಬಡಿದು ಇಳಿಸಿದ್ದರು. ಬೆಣೆ ಹೊಡೆದರೆ ದಿಮ್ಮಿ ಸೀಳುವುದು ಹೇಗೋ ಹಾಗೇ ಕೆಳಗಿನ ಅಂತಸ್ತನ್ನು ಒಳಗಿನಿಂದ ಹೊರಗೆ ತಳ್ಳುವ ಒತ್ತಡ ಹುಟ್ಟಿತು. ಅದನ್ನು ಹಿಡಿದಿಡಬೇಕಿದ್ದ ಸುತ್ತುಕಟ್ಟು ಸಾಲಲಿಲ್ಲ. ಹಿಂದಿನ ವರ್ಷಗಳಲ್ಲಿ ಸುತ್ತುತ್ತಿದ್ದ ಉಕ್ಕಿನ ಹಗ್ಗ ಆ ವರ್ಷ ಇರಲಿಲ್ಲ, ಬರೀ ತಂತಿ. ಐದು ವರ್ಷ ಮುಂಚೆ, 1994ರಲ್ಲಿ, ಮಳೆಗೆ ನೆಲ ಮೆತ್ತಗಾಗಿ ಒಂದು ರಾಶಿ ವಾಲಿತ್ತು. ಅದನ್ನು ಮಳೆಯ ಲೆಕ್ಕಕ್ಕೆ ಬರೆದು ಮುಂದೆ ಹೋದರು.

ನಾನು ಹುಡುಕಿದ್ದು ನಕ್ಷೆಗಾಗಿ. ಇಷ್ಟು ದೊಡ್ಡದಕ್ಕೆ ಎಂಜಿನಿಯರ್ ಸಹಿ ಹಾಕಿದ ಒಂದು ಡ್ರಾಯಿಂಗ್ ಇರಬೇಕಲ್ಲ? ಇರಲಿಲ್ಲ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವುದು, ಅವನು ಮುಂದಿನವನಿಗೆ. ಪ್ರತಿ ಸಲ ಚೂರು ಚೂರು ಬದಲಾಗುತ್ತಾ ಬಂತು, ಬದಲಾಗಿದ್ದು ಯಾರ ಲೆಕ್ಕಕ್ಕೂ ಸಿಗಲಿಲ್ಲ. ಗಿಲ್ ಕಥೆಯನ್ನು ಬೆಳೆಸಿದ ದಾರಿಯೂ ಇದೇ. ಕಥೆಯಾದರೆ ಬಾಯಿಂದ ಬಾಯಿಗೆ ಬಂದಷ್ಟೂ ರುಚಿ. ದಿಮ್ಮಿ ಕಟ್ಟುವ ಲೆಕ್ಕ ಹಾಗೆ ಬಂದರೆ ಹೆಣ ಬೀಳುತ್ತದೆ. ಅಲ್ಲಿ ದೊಡ್ಡ ಎಂಜಿನಿಯರಿಂಗ್ ಕಾಲೇಜು ಪಕ್ಕದಲ್ಲೇ ಇತ್ತು ಅನ್ನುವುದು ನನಗೆ ಇನ್ನೂ ನುಂಗಲಾಗುತ್ತಿಲ್ಲ.

ಅದಾದ ಮೇಲೆ ಕ್ಯಾಂಪಸ್ಸಿನೊಳಗೆ ಬೆಂಕಿ ನಿಂತಿದೆ. ವಿದ್ಯಾರ್ಥಿಗಳು ಹೊರಗೆ ಖಾಸಗಿ ಜಾಗದಲ್ಲಿ ತಾವೇ ಮಾಡುತ್ತಾರೆ, ಈಗಿನದರಲ್ಲಿ ಪ್ರತಿ ದಿಮ್ಮಿಯೂ ನೆಲ ಮುಟ್ಟಿರಬೇಕು ಅಂತ ನಿಯಮ. ಇದು ಸರಿಯಾದ ಕೆಲಸ. 2011ರಲ್ಲಿ ನಿಂತಿದ್ದ ಆಸ್ಟಿನ್ ಜೊತೆಗಿನ ಪಂದ್ಯ 2024ರಲ್ಲಿ ಮತ್ತೆ ಶುರುವಾಗುವುದಿತ್ತು. ಬೆಂಕಿಯನ್ನೂ ಒಳಗೆ ತರೋಣ, ಕಂಟ್ರಾಕ್ಟರ್ ಕೈಯಲ್ಲಿ ಕಟ್ಟಿಸೋಣ ಅಂತ ಒಂದು ಸಮಿತಿ ಹೇಳಿತು. ಯೂನಿವರ್ಸಿಟಿ ಅಧ್ಯಕ್ಷರು ಬೇಡ ಅಂದರು. ನಾನೂ ಬೇಡ ಅನ್ನುತ್ತಿದ್ದೆ. ಮರ ಕಡಿದು, ಹೊತ್ತು, ನಿದ್ದೆಗೆಟ್ಟು ಕಟ್ಟುವುದೇ ಆ ಹುಡುಗರ ಪಾಲಿನ ಹಬ್ಬ. ಟೆಂಡರ್ ಕರೆದು ಕಟ್ಟಿಸಿದ ರಾಶಿಗೆ ಬೆಂಕಿ ಇಟ್ಟು ಚಪ್ಪಾಳೆ ಹೊಡೆಯೋಕೆ ಅವರು ಯಾಕೆ ಬರಬೇಕು?