61 ದಿನ, ಒಂದು ಕರಿ ಚೀಲ

ಜುಲೈ ತಿಂಗಳ ಒಂದು ದಿನ. ಮಳೆ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ರಜೆ ಕೊಟ್ಟ ದಿನವೇ ಮಳೆ ನಿಲ್ಲುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸುಮ್ನೆ ಮನೆಯಲ್ಲಿ ಕೂರುವುದೇಕೆ ಎಂದು ಕೊಡೆ ಹಿಡಿದು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದೆ. ಅಲ್ಲಿ ಏಂಡಿ ಬಲೆ ಎಳೆಯುತ್ತಿದ್ದರು.

ಏಂಡಿ ನೋಡದವರಿಗೆ ಹೇಳುತ್ತೇನೆ. ದೋಣಿಯಲ್ಲಿ ಬಲೆ ಒಯ್ದು, ದಡದಿಂದ ಹೆಚ್ಚು ದೂರ ಹೋಗದೆ, ಕಮಾನಿನ ಹಾಗೆ ನೀರಿಗೆ ಬಿಡುತ್ತಾರೆ. ಆಮೇಲೆ ಎರಡು ತುದಿಯ ಹಗ್ಗ ಹಿಡಿದು ಎರಡು ಗುಂಪು ದಡದಿಂದ ಎಳೆಯುತ್ತಾ ಬರುತ್ತದೆ. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆಯ ಚಿಕ್ಕ ತಮ್ಮ ಎನ್ನಿ. ಟ್ರಾಲರ್‌ಗಳೆಲ್ಲ ಬೈತಖೋಲ ಬಂದರಿನಲ್ಲಿ ಲಂಗರು ಹಾಕಿ ನಿಂತಿರುವ ಮಳೆಗಾಲದಲ್ಲಿ ನಮಗೆ ಹಸಿ ಮೀನು ಸಿಗುವುದು ಹೆಚ್ಚಾಗಿ ಇಂಥ ಬಲೆಗಳಿಂದಲೇ.

ಬಲೆ ದಡಕ್ಕೆ ಬಂತು. ಸಿಗಡಿ ಇತ್ತು, ನಾಲ್ಕಾರು ನೊಗ್ಲೆ ಮೀನು ಇತ್ತು, ಒಂದು ಏಡಿ ಸಿಟ್ಟಿನಿಂದ ಕಾಲು ಎತ್ತುತ್ತಿತ್ತು. ಉಳಿದಿದ್ದೆಲ್ಲ ಹಾಲಿನ ಪ್ಯಾಕೆಟ್, ಶಾಂಪೂ ಚೀಟಿ, ಥರ್ಮಾಕೋಲ್ ಚೂರು, ಗುಟ್ಕಾ ಪ್ಯಾಕೆಟ್ಟುಗಳ ಮಾಲೆ, ಎಡಗಾಲಿನ ಒಂದು ಹವಾಯಿ ಚಪ್ಪಲಿ. ನಾಲ್ಕೈದು ಜನ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮೀನು ಹೆಕ್ಕಲು ಶುರು ಮಾಡಿದರು. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ನೋಡಿದ್ದೇವೆ. ಇದು ಕಲ್ಲಿನಲ್ಲಿ ಅಕ್ಕಿ ಆರಿಸಿದ ಹಾಗಿತ್ತು. ಹೆಕ್ಕಿ ಮುಗಿದ ಮೇಲೆ ಕಸ ಅಲ್ಲೇ ಉಳಿಯಿತು. ಸಂಜೆ ನೀರು ಏರುವ ಭರತಕ್ಕೆ ವಾಪಸ್ ಕಡಲಿಗೆ, ನಾಳೆ ಮತ್ತೆ ಬಲೆಗೆ. ಹೊತ್ತು ಹೋಗಿ ಹಾಕಲು ಅವರಿಗಾದರೂ ಜಾಗ ಎಲ್ಲಿದೆ?

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಇದೇ ಊರಿನಲ್ಲಿ, ಇದೇ ಜನರ ಮೇಲೆ, ಎರಡು ನಿಯಮ ಇವೆ. ಒಂದು ನಡೆಯುತ್ತದೆ, ಇನ್ನೊಂದು ನಡೆಯುವುದೇ ಇಲ್ಲ. ಯಾಕೆ?

ನಡೆಯುವ ನಿಯಮ ಮಳೆಗಾಲದ ಮೀನುಗಾರಿಕೆ ನಿಷೇಧ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಯಾಂತ್ರಿಕ ಬೋಟ್‌ಗಳು ಹೊರಡುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ದೋಣಿ ಮತ್ತು ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ. ಮೀನು ಮೊಟ್ಟೆ ಇಡುವ ಕಾಲ, ಅದನ್ನು ಯಾರೂ ಮೀನುಗಾರರಿಗೆ ಪಾಠ ಮಾಡಬೇಕಾಗಿಲ್ಲ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೇ ದೊಡ್ಡ ಕಸುಬು ಎನ್ನುವ ರೂಢಿ ಸರ್ಕಾರದ ಆದೇಶಕ್ಕಿಂತ ಹಳೆಯದು.

ಆದರೆ ಬರೀ ನಂಬಿಕೆಯಿಂದ ನಿಯಮ ನಿಲ್ಲುವುದಿಲ್ಲ ಅಲ್ವಾ. ಇಲ್ಲಿ ಡೀಸೆಲ್ ಇದೆ. ಬೋಟ್‌ಗಳಿಗೆ ಕರ ವಿನಾಯಿತಿ ಡೀಸೆಲ್ ಸಿಗುತ್ತದೆ. ನಿಷೇಧ ಮುರಿದರೆ ಒಂದು ವರ್ಷ ಆ ವಿನಾಯಿತಿ ಕಟ್. ಟ್ರಾಲರ್ ಕುಡಿಯುವ ಡೀಸೆಲ್ ಲೆಕ್ಕ ಗೊತ್ತಿರುವವರಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಬೇಕಾಗಿಲ್ಲ. ಜೊತೆಗೆ ಉಳಿತಾಯ ಮತ್ತು ಪರಿಹಾರ ಯೋಜನೆ. ಮೀನುಗಾರ ಒಂದಿಷ್ಟು ಕಟ್ಟಿದರೆ ರಾಜ್ಯ, ಕೇಂದ್ರ ತಮ್ಮ ಪಾಲು ಸೇರಿಸಿ, ಆ ದುಡ್ಡನ್ನು ಕೆಲಸವಿಲ್ಲದ ತಿಂಗಳುಗಳಲ್ಲಿ ಕೊಡುವುದು. ಯಾವುದಕ್ಕೂ ಸಾಕಾಗದ ದುಡ್ಡು, ನಿಜ. ಆದರೂ ಮನೆಯಲ್ಲಿ ಕೂರು ಎಂದವರು ಕೈಗೆ ಒಂದಿಷ್ಟು ಇಟ್ಟಿದ್ದಾರೆ. ಮತ್ತೆ, ಬೋಟ್ ಎಂದರೆ ಜೇಬಿನಲ್ಲಿ ಬಚ್ಚಿಡುವ ವಸ್ತುವಲ್ಲ. ಬಂದರಿನಲ್ಲಿ ಒಂದು ಕಡಿಮೆಯಾದರೆ ಪಕ್ಕದ ಬೋಟಿನವನಿಗೇ ಮೊದಲು ಗೊತ್ತಾಗುತ್ತದೆ.

ಕಣ್ಣಿಗೆ ಕಾಣದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಲೈಟ್ ಫಿಶಿಂಗ್ ನೋಡಿ. ರಾತ್ರಿ ಜನರೇಟರ್ ಹಾಕಿ ಪ್ರಖರ ಎಲ್‌ಇಡಿ ದೀಪ ಬಿಟ್ಟು, ಬೆಳಕಿಗೆ ಬಂದ ಮರಿ ಮೀನು ಸಮೇತ ಬಾಚುವುದು. 2017ರ ನವೆಂಬರ್‌ನಲ್ಲೇ ಕೇಂದ್ರ ಇದನ್ನು ನಿಷೇಧಿಸಿದೆ. ಸಣ್ಣ ದೋಣಿಯವರು ಇವತ್ತಿಗೂ ಅದರ ವಿರುದ್ಧ ಮನವಿ ಕೊಡುತ್ತಲೇ ಇದ್ದಾರೆ. ಅದೇ ಕಡಲು, ಅದೇ ಕಸುಬು. ಆದರೆ ರಾತ್ರಿ, ದೂರ, ಯಾರೂ ಇಲ್ಲ.

ಇನ್ನು ನಡೆಯದ ನಿಯಮ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದು 2016ರ ಮಾರ್ಚ್‌ನಲ್ಲಿ. ಎಷ್ಟು ಮೈಕ್ರಾನ್ ದಪ್ಪ ಎನ್ನುವ ಪ್ರಶ್ನೆಯೇ ಇಲ್ಲ, ಪೂರ್ತಿ ನಿಷೇಧ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಸ್ಟ್ರಾಗಳ ಮೇಲೆ ನಿಷೇಧ ಬಂತು. ಇನ್ನೂ ಒಂದು ತಮಾಷೆ ಕೇಳಿ. ಗುಟ್ಕಾ, ಪಾನ್ ಮಸಾಲಾ ಪ್ಯಾಕ್ ಮಾಡಲು ಪ್ಲಾಸ್ಟಿಕ್ ಬಳಸಲೇಬಾರದು ಎಂದು 2016ರ ಕೇಂದ್ರ ನಿಯಮದಲ್ಲಿ ಬರೆದಿದೆ. ಏಂಡಿ ಬಲೆಯಲ್ಲಿ ನಾನು ನೋಡಿದ ಮಾಲೆ ಹಾಗಾದರೆ ಯಾವುದರದ್ದು?

ಮೀನು ಮಾರ್ಕೆಟ್ಟಿಗೆ ನಾನು ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಅಲ್ಲಿ ನನಗೆ ಯಾವಾಗಲೂ ಮೀನು ಮಾರುವ ಅಕ್ಕನ ಮಗ ಶಾಲೆಯಲ್ಲಿ ನನ್ನ ಹತ್ತಿರವೇ ಓದಿದವನು, ಹಾಗಾಗಿ ಆಕೆಗೂ ನಾನು ಅಕ್ಕೋರೇ, ಅಂದರೆ ಟೀಚರ್. ಡಬ್ಬಿ ನೋಡಿದರೆ ಆಕೆಗೆ ನಗು.

"ಅಕ್ಕೋರೆ, ನೀವ್ ಡಬ್ಬಿ ತಂದ್ರಿ. ನಿಮ್ ಹಿಂದೆ ನಿಂತವ್ರ ಕೈ ನೋಡಿ."

ನೋಡಿದೆ. ಬರಿಗೈ. ಒಬ್ಬರ ಕೈಯಲ್ಲಿ ಬೈಕಿನ ಕೀ.

"ಚೀಲ ಇಲ್ಲ ಅಂದ್ರೆ ಪಕ್ಕದವಳ ಹತ್ರ ಹೋಗ್ತಾರೆ. ನನ್ನ ಬಂಗಡೆ ಬುಟ್ಟಿಯಲ್ಲೇ ಉಳೀತದೆ. ದಂಡ ಹಾಕೂಕೆ ಬಂದವ್ರು ನನ್ನ ಬುಟ್ಟಿಗೇ ಬರ್ತಾರೆ. ಈ ಚೀಲದ ಕಟ್ಟು ಯಾವ ಗೋಡೌನಿಂದ ಬರ್ತದೆ ಅಂತ ಅವ್ರಿಗೆ ಗೊತ್ತಿಲ್ವಾ?"

ನನಗೆ ಉತ್ತರ ಇರಲಿಲ್ಲ. ಬೋಟ್ ನಿಲ್ಲಿಸುವಾಗ ಡೀಸೆಲ್ ಹಿಡಿದರು, ಬೋಟಿನಲ್ಲಿ ದುಡಿಯುವ ಒಬ್ಬೊಬ್ಬ ಖಲಾಸಿಯ ಬೆನ್ನು ಹತ್ತಲಿಲ್ಲ. ಚೀಲದ ವಿಷಯದಲ್ಲಿ ಮಾತ್ರ ಗೋಡೌನ್ ಬಿಟ್ಟು ಬುಟ್ಟಿ ಹಿಡಿಯುತ್ತಾರೆ. ಚೀಲ ಕೊಡದೆ ಗಿರಾಕಿ ಕಳೆದುಕೊಂಡವಳಿಗೆ ಪರಿಹಾರ ಯೋಜನೆಯೂ ಇಲ್ಲ.

ಘಟ್ಟದ ಮೇಲಿನವರು ಇದು ಕಡಲ ಬದಿಯ ಗೋಳು ಎಂದುಕೊಳ್ಳಬೇಡಿ. ನನ್ನ ದೊಡ್ಡಕ್ಕನ ಮನೆ ಶಿರಸಿಯಲ್ಲಿ. ಅಘನಾಶಿನಿಯ ಒಂದು ಮೂಲ ಅಲ್ಲಿನ ಶಂಕರ ಹೊಂಡ, ಪೇಟೆಯ ಒಳಗೇ. ಅಲ್ಲಿಂದ ಹೊರಟ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡು ದಾಟಿ ಕುಮಟಾ ಹತ್ತಿರ ಕಡಲು ಸೇರುತ್ತದೆ. ದಾರಿಯಲ್ಲಿ ಒಂದೂ ಅಣೆಕಟ್ಟಿಲ್ಲ. ಅದೇ ಈ ನದಿಯ ಹೆಮ್ಮೆ, ನಮಗೂ ಹೆಮ್ಮೆ. ಆದರೆ ಶಿರಸಿಯ ಗಟಾರದಲ್ಲಿ ಬಿದ್ದ ಖಾಲಿ ಬಾಟಲಿಗೂ ದಾರಿಯಲ್ಲಿ ತಡೆಯಿಲ್ಲ. ಕೆಳಗೆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬೆಳಚು ಎನ್ನುವ ಚಿಪ್ಪುಮೀನು ಆಯುವವರಿದ್ದಾರೆ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿದ್ದಾರೆ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ನಡುವೆ ಮೀನಿನ ಮರಿ ಬೆಳೆಯುತ್ತದೆ. 2024ರ ಜನವರಿ ಕೊನೆಗೆ ಈ ಅಳಿವೆಯ 4,801 ಹೆಕ್ಟೇರಿಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮಾನ್ಯತೆ, ಸಿಕ್ಕಿತು. ಪಟ್ಟ ಕೆಳಗೆ, ಗಟಾರ ಮೇಲೆ, ನೋಡಿಕೊಳ್ಳುವ ಇಲಾಖೆಗಳು ಬೇರೆ ಬೇರೆ. ದೊಡ್ಡಕ್ಕನಿಗೆ ಇದನ್ನು ಹೇಳಿದರೆ, "ಬೆಳಚು ತಿನ್ನೋಳು ನೀನು, ನನಗ್ಯಾಕೆ ಹೇಳ್ತೀಯೇ" ಎಂದು ನಕ್ಕಳು. ಮರುದಿನ ಮಾತ್ರ ಗಟಾರದ ಬಾಯಿಗೆ ಜಾಲರಿ ಕಟ್ಟಿಸಿ ಎಂದು ಅವರ ವಾರ್ಡಿನ ಮೆಂಬರಿಗೆ ಫೋನ್ ಮಾಡಿದ್ದಳಂತೆ.

ಬಾಟಲಿಗೆ ಒಂದು ದಾರಿ ಇದೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ, ಖಾಲಿ ಬಾಟಲಿ ತಂದುಕೊಟ್ಟರೆ ಅದು ವಾಪಸ್. ನಮ್ಮ ತೀರದಲ್ಲೂ ಇದನ್ನು ಮಾಡಿ ನೋಡಬಹುದು. ಗೋವಾದ ಗಡಿಯ ಪೋಳೆಂ ನಮಗೆ ಅರ್ಧ ಗಂಟೆ ದಾರಿ, ಅಲ್ಲಿಂದ ಬರುವ ಬಾಟಲಿಗಳಿಗೆ ಯಾರು ದುಡ್ಡು ಕೊಡುವುದು ಎನ್ನುವ ಜಗಳ ಇದ್ದೇ ಇರುತ್ತದೆ. ಆ ಜಗಳವಾದರೂ ಆಗಲಿ.

ಮೊನ್ನೆ ನಾನೇ ಡಬ್ಬಿ ಮರೆತು ಹೋಗಿದ್ದೆ. ಮೀನಿನ ಅಕ್ಕ ಒಂದು ಮಾತೂ ಆಡಲಿಲ್ಲ. ಕರಿ ಚೀಲಕ್ಕೆ ಊದಿ, ಬಾಯಿ ಬಿಡಿಸಿ, ಬಂಗಡೆ ಹಾಕಿ, ಗಂಟು ಕಟ್ಟಿ ಕೈಗಿಟ್ಟಳು. ಮನೆಗೆ ತಂದು ಸೋಪು ಹಾಕಿ ತೊಳೆದು ಹಿತ್ತಲ ತಂತಿಗೆ ಹಾಕಿದ್ದೇನೆ. ವಾಸನೆ ಇನ್ನೂ ಹೋಗಿಲ್ಲ, ಬೆಕ್ಕು ಅದರ ಕೆಳಗೇ ಕೂತಿದೆ.