ಪಟ್ಟಿ ಇಲ್ಲದ ಪಿರಿಯಡ್

ಒಂಬತ್ತನೇ ಕ್ಲಾಸಿನವರಿಗೆ ಲೈಬ್ರರಿ ಪಿರಿಯಡ್ ಅಂದರೆ ಉಳಿದ ಹೋಂವರ್ಕ್ ಮುಗಿಸಿಕೊಳ್ಳುವ ಹೊತ್ತು. 'ಓದಲೇಬೇಕಾದ ಪುಸ್ತಕಗಳು' ಎಂಬ ಪಟ್ಟಿ ಗೋಡೆಯ ಮೇಲಿತ್ತು. ಅದರಲ್ಲಿದ್ದ ಪುಸ್ತಕಗಳ ಬೈಂಡಿಂಗ್ ಮಾತ್ರ ಕೈತಾಗದೆ ಗಟ್ಟಿಮುಟ್ಟಾಗಿತ್ತು. ಲೈಬ್ರರಿ ನೋಡಿಕೊಳ್ಳುವ ನಾನು ಒಂದು ದಿನ ಆ ಪಟ್ಟಿ ಕಿತ್ತು, ಕಪಾಟುಗಳ ಬೀಗ ತೆಗೆದು ಹೇಳಿದೆ: "ಯಾವುದು ಬೇಕೋ ತಗೊಳ್ಳಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಟ್ಟು ಬೇರೆ ತಗೊಳ್ಳಿ."

ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಿಂದ ಒಂದು ದನಿ: "ಮಿಸ್, ಆಮೇಲೆ ಸಾರಾಂಶ ಬರೀಬೇಕಾ?" ಬೇಡ ಅಂದೆ. "ಮಾರ್ಕ್ಸ್?" ಅದೂ ಇಲ್ಲ. ಆಗ ಒಬ್ಬೊಬ್ಬರಾಗಿ ಎದ್ದರು.

ಈ ವಯಸ್ಸಿನವರು ಪುಸ್ತಕ ಆರಿಸುವುದನ್ನು ಸುಮ್ಮನೆ ಕೂತು ನೋಡಬೇಕು. ಮೊದಲು ಮುಖಪುಟ, ಆಮೇಲೆ ಬೆನ್ನುಡಿ, ಆಮೇಲೆ ಅಕ್ಷರ ಎಷ್ಟು ಸಣ್ಣದು, ಕೊನೆಗೆ ಪುಟ ಎಷ್ಟು. ಲೇಖಕರ ಹೆಸರನ್ನು ಯಾರೂ ಓದುವುದಿಲ್ಲ. ಗೆಳತಿ ಏನು ಹಿಡಿದಿದ್ದಾಳೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ 133.1 ದೆವ್ವಗಳ ಜಾಗ, 741.5 ಕಾಮಿಕ್ಸ್‌ನದು. ಎರಡೂ ಸಾಲು ನೋಡನೋಡುತ್ತಲೇ ಖಾಲಿಯಾದವು.

"ಏನು ಮೇಡಂ, ಇವನು ಐದನೇ ಕ್ಲಾಸಿನವರ ಪುಸ್ತಕ ಹಿಡ್ಕೊಂಡಿದಾನೆ!" ಅಂದರು ಬಾಗಿಲಲ್ಲಿ ನಿಂತ ಸಹೋದ್ಯೋಗಿ. ಹಿಡಿದುಕೊಳ್ಳಲಿ. ರಾತ್ರಿ ನಿದ್ದೆ ಬರುವ ತನಕ ನಾವು ಓದುವುದರ ಮಟ್ಟವನ್ನು ಯಾರು ಅಳೆಯುತ್ತಾರೆ?

ಒಬ್ಬ ಹುಡುಗಿ ಮಾತ್ರ ತೆಗೆದದ್ದನ್ನೆಲ್ಲ ವಾಪಸ್ ಇಡುತ್ತಲೇ ಇದ್ದಳು. ಬೆಲ್ ಹೊಡೆಯುವ ಹೊತ್ತಿಗೆ ಅವಳ ಕೈಗೆ ಬಂದದ್ದು ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳ ಕಾದಂಬರಿ. ಭಾರವಾದೀತು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. "ನಾನೂ ಓದಿಲ್ಲ, ನಿಂದಾದ ಮೇಲೆ ನಂಗೆ ಕೊಡು" ಅಂದೆ. ಮುಂದಿನ ವಾರ ಪುಸ್ತಕ ಮೇಜಿನ ಮೇಲಿಟ್ಟು ತೀರ್ಪು ಕೊಟ್ಟಳು: "ಕೊನೇಲಿ ಮೋಸ ಮಾಡಿದಾರೆ ಮಿಸ್. ಅಪ್ಪ ಅಷ್ಟು ಬೇಗ ಬದಲಾಗೋದೇ ಇಲ್ಲ." ಓದಿ ನೋಡಿದೆ, ಅವಳು ಹೇಳಿದ್ದೇ ಸರಿ. ಸಾರಾಂಶ ಬರೆಸಿದ್ದರೆ ಈ ಮಾತು ಬರುತ್ತಿರಲಿಲ್ಲ, 'ಕಾದಂಬರಿಯ ಸಂದೇಶ' ಬರುತ್ತಿತ್ತು.

ಗ್ರಂಥಾಲಯ ವಿಜ್ಞಾನ ಓದಿದವರೆಲ್ಲ ಗ್ರಂಥಾಲಯ ಹೇಗಿರಬೇಕು ಎಂದು ಹೇಳುವ ಎಸ್. ಆರ್. ರಂಗನಾಥನ್ ಅವರ ಪಂಚಸೂತ್ರಗಳನ್ನು ಪರೀಕ್ಷೆಗೆ ಉರು ಹೊಡೆದವರೇ. 1931ರಷ್ಟು ಹಿಂದೆಯೇ ಅವರು 'ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ' ಎಂದಿದ್ದರು. ಪುಸ್ತಕಕ್ಕೆ ಓದುಗ ಸಿಗಬೇಕಾದರೆ ಕಪಾಟು ತೆರೆದಿರಬೇಕು, ಜನ ಅದರ ನಡುವೆ ಓಡಾಡಬೇಕು ಎಂಬುದು ಅವರ ವಾದ. ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಆ ಸೂತ್ರಗಳನ್ನು ಹೇಳುವುದು ನಮ್ಮ ವೃತ್ತಿಯಲ್ಲಿ ಅಪರೂಪವೇನಲ್ಲ.

ಆದರೆ ಕಪಾಟು ತೆರೆದ ಮಾತ್ರಕ್ಕೆ ಆಯ್ಕೆ ಅವರದಾಗುವುದಿಲ್ಲ. ಅದನ್ನು ತುಂಬಿಸಿದವರು ನಾವು. ಮಕ್ಕಳು ಒಳಗೆ ಬರುವ ಮೊದಲೇ ಅರ್ಧ ಆಯ್ಕೆ ಮುಗಿದಿರುತ್ತದೆ. ಅದಕ್ಕೇ 'ಬೇಕಾದ ಪುಸ್ತಕ ಬರೆಯಿರಿ' ಅಂತ ಒಂದು ನೋಟ್‌ಬುಕ್ ಇಟ್ಟೆ. ಮೊದಲ ಪುಟದಲ್ಲೇ ದೂರು: "ಈ ಸೀರೀಸಿನ ಎರಡು, ಮೂರನೇ ಭಾಗ ಇದೆ. ಒಂದನೇದು ಎಲ್ಲಿ?" ಅದರ ಕೆಳಗೆ ಫುಟ್ಬಾಲ್, ಕೊಲೆ ರಹಸ್ಯ, ಮೊಡವೆ, ಕೋಡಿಂಗ್, ಇನ್ನಷ್ಟು ದೆವ್ವ. ಕೆಲವು ಹೆಸರು ನೋಡಿ ನನಗೆ ಮುಖ ಸಿಂಡರಿಸುವಂತಾಯಿತು. ಆದರೂ ಪಟ್ಟಿಯನ್ನು ಹಾಗೆಯೇ ಕಳಿಸಿದ್ದೇನೆ. ಖರೀದಿ ಸಮಿತಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೂ ಜಾಗ ಕೊಡಿ ಎಂದು ಜೊತೆಗೆ ಕೇಳಿದ್ದೆ. ಪುಸ್ತಕಗಳಿಗೆ ಒಪ್ಪಿಗೆ ಸಿಕ್ಕಿದೆ, ವಿದ್ಯಾರ್ಥಿಗಳಿಗೆ ಇನ್ನೂ ಇಲ್ಲ.